ಟರ್ಬೊ ಲಾರಿಯ ಹೊಗೆಕೊಳವೆ: ಎಷ್ಟು ಅಗಲವಿದ್ದರೆ ಸಾಕು?

ಸರಕು ತುಂಬಿದ ಲಾರಿಯೊಂದು ಶಿರಾಡಿ ಘಾಟಿಯನ್ನು ಹತ್ತುವಾಗ ಎಳೆತ ಸಾಲದೆ ಕಪ್ಪು ಹೊಗೆ ಉಗುಳಿದರೆ, ಮಾಲೀಕರಿಗೆ ಗ್ಯಾರೇಜಿನಲ್ಲಿ ಸಿಗುವ ಸಲಹೆಗಳಲ್ಲಿ ‘ದೊಡ್ಡ ಸೈಲೆನ್ಸರ್ ಪೈಪು ಹಾಕಿಸಿ’ ಎಂಬುದೂ ಒಂದು. ‘ಎಂಜಿನ್ನಿಗೆ ಸ್ವಲ್ಪ ಬ್ಯಾಕ್ ಪ್ರೆಷರ್ ಬೇಕೇ ಬೇಕು, ಪೈಪು ದೊಡ್ಡದಾದರೆ ಎಳೆತ ಹೋಗುತ್ತದೆ’ ಎಂದು ಎಚ್ಚರಿಸುವವರೂ ಇದ್ದಾರೆ. ಟರ್ಬೊ ಅಳವಡಿಸಿದ ಡೀಸೆಲ್ ವಾಹನಗಳ ಮಟ್ಟಿಗೆ ಎರಡನೆಯ ಮಾತು ತಪ್ಪು; ಮೊದಲನೆಯದು ಒಂದು ಮಿತಿಯವರೆಗೆ ಮಾತ್ರ ಸರಿ. ಆ ಮಿತಿ ಎಲ್ಲಿದೆ ಎಂಬುದನ್ನು ಅಳೆದು ತಿಳಿಯಬಹುದು.

ಟರ್ಬೊ ಕೆಲಸ ಮಾಡುವ ಬಗೆ

ಎಂಜಿನ್ನಿನಿಂದ ಹೊರಬರುವ ಬಿಸಿ ಅನಿಲದ ಶಕ್ತಿಯಿಂದ ಚಕ್ರವೊಂದನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದ ಮೂಲಕ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವುದೇ ಟರ್ಬೊ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬುಷಿ 1905ರಲ್ಲಿ ಪೇಟೆಂಟ್ ಪಡೆದ ತತ್ವ ಇದು.

ಈ ಚಕ್ರಕ್ಕೆ ದೊರೆಯುವ ಶಕ್ತಿಯು ಅದರ ಮುಂದಿನ ಮತ್ತು ಹಿಂದಿನ ಒತ್ತಡಗಳ ಅನುಪಾತವನ್ನು ಅವಲಂಬಿಸಿದೆ. ಕೊಳವೆ ಇಕ್ಕಟ್ಟಾಗಿ ಟರ್ಬೊ ನಂತರದ ಒತ್ತಡ 10 ಕಿಲೋಪ್ಯಾಸ್ಕಲ್‌ನಷ್ಟು ಏರಿತೆನ್ನೋಣ. ಅನುಪಾತ ಎರಡರಷ್ಟಿದ್ದಲ್ಲಿ, ಅಷ್ಟೇ ಕೆಲಸ ಮಾಡಲು ಟರ್ಬೊಗೆ ಮುಂಚಿನ ಒತ್ತಡ ಸುಮಾರು 20 ಕಿಲೋಪ್ಯಾಸ್ಕಲ್ ಏರಬೇಕಾಗುತ್ತದೆ. ಅದರ ವಿರುದ್ಧ ಹೊಗೆಯನ್ನು ತಳ್ಳುವ ಹೊರೆ ಪಿಸ್ಟನ್‌ಗಳ ಮೇಲೆ ಬೀಳುತ್ತದೆ. ಸಿಲಿಂಡರಿಗೆ ಸೇರುವ ಗಾಳಿ ಕುಗ್ಗಿ, ಅನಿಲದ ತಾಪಮಾನ ಏರಿ, ಕಪ್ಪು ಹೊಗೆ ಹೆಚ್ಚುತ್ತದೆ. ದೀರ್ಘ ಏರುದಾರಿಯಲ್ಲಿ ಈ ಸ್ಥಿತಿ ಮುಂದುವರಿದರೆ ಟರ್ಬೊ ಹಾಗೂ ನಿಷ್ಕಾಸ ಕವಾಟಗಳ ಬಾಳಿಕೆ ಕಡಿಮೆಯಾಗುತ್ತದೆ.

ಬ್ಯಾಕ್ ಪ್ರೆಷರ್ ಬೇಕೆಂಬ ನಂಬಿಕೆ ಹುಟ್ಟಿದ್ದು ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್‌ಗಳಿಂದ. ಅಲ್ಲಿ ಹೊಗೆಯ ಅಲೆಗಳ ವೇಗವು ಸಿಲಿಂಡರನ್ನು ಖಾಲಿ ಮಾಡಲು ನೆರವಾಗುವುದರಿಂದ ಅತಿ ಅಗಲವಾದ ಕೊಳವೆ ಹಾನಿ ಮಾಡಬಲ್ಲದು. ಅಲ್ಲಿಯೂ ಉಪಕಾರಿಯಾದುದು ಅನಿಲದ ವೇಗವೇ ಹೊರತು ಒತ್ತಡವಲ್ಲ. ಟರ್ಬೊ ಇದ್ದಲ್ಲಿ ಆ ಅಲೆಗಳ ಬಹುಪಾಲು ಚಕ್ರದಲ್ಲೇ ಕರಗುತ್ತವೆ. ಟರ್ಬೊ ನಂತರದ ಒತ್ತಡ ಕಡಿಮೆಯಾದಷ್ಟೂ ಒಳಿತು.

ಅಳತೆಯ ಲೆಕ್ಕ

ಭಾರತದಲ್ಲಿ ಟಾಟಾ ಲಾರಿಗಳಲ್ಲಿಯೂ, 1989ರ ಮಾದರಿಯಿಂದ ಅಮೆರಿಕದ ಡಾಡ್ಜ್ ರ‍್ಯಾಮ್ ಪಿಕಪ್‌ಗಳಲ್ಲಿಯೂ ಬಳಕೆಯಾದ ಕಮಿನ್ಸ್ ಕಂಪನಿಯ 5.9 ಲೀಟರ್, ಆರು ಸಿಲಿಂಡರಿನ ಎಂಜಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಈ ಗಾತ್ರದ ಎಂಜಿನ್ ನಿಮಿಷಕ್ಕೆ 2,500 ಸುತ್ತು ತಿರುಗುತ್ತ, ಟರ್ಬೊದಿಂದ 1 ಬಾರ್ ಹೆಚ್ಚುವರಿ ಒತ್ತಡ ಪಡೆದು, ಸುಮಾರು 200 ಅಶ್ವಶಕ್ತಿ ನೀಡುವಾಗ ಸೆಕೆಂಡಿಗೆ ಸುಮಾರು 0.24 ಕಿಲೋಗ್ರಾಂ ಹೊಗೆ ಹೊರಬರುತ್ತದೆ. ಟರ್ಬೊ ದಾಟಿದ ಮೇಲೆ 425 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖದಲ್ಲಿ ಅದರ ಗಾತ್ರ ಸುಮಾರು 480 ಲೀಟರ್. ನೇರ ಕೊಳವೆ, ಬಾಗುಗಳು ಹಾಗೂ ಸೈಲೆನ್ಸರ್ ಎಲ್ಲವನ್ನೂ ಸೇರಿಸಿದ ಅಂದಾಜು ಲೆಕ್ಕ ಹೀಗಿದೆ:

3 ಇಂಚು: ಹೊಗೆಯ ವೇಗ ಸೆಕೆಂಡಿಗೆ 115 ಮೀಟರ್; ಹಿಮ್ಮುಖ ಒತ್ತಡ ಸುಮಾರು 17 ಕಿಲೋಪ್ಯಾಸ್ಕಲ್.
3.5 ಇಂಚು: ವೇಗ 85 ಮೀಟರ್; ಒತ್ತಡ ಸುಮಾರು 9.
4 ಇಂಚು: ವೇಗ 64 ಮೀಟರ್, ಒತ್ತಡ ಸುಮಾರು 5.
5 ಇಂಚು: ವೇಗ 40 ಮೀಟರ್, ಒತ್ತಡ ಸುಮಾರು 2.

ಹೊಗೆ ಶುದ್ಧೀಕರಣ ಸಾಧನಗಳಿಲ್ಲದ ಹಳೆಯ ಟರ್ಬೊ ಡೀಸೆಲ್‌ಗಳಿಗೆ ತಯಾರಕರು ವಿಧಿಸುವ ಮಿತಿ ಸಾಮಾನ್ಯವಾಗಿ 7ರಿಂದ 10 ಕಿಲೋಪ್ಯಾಸ್ಕಲ್. ಆಯಾ ಎಂಜಿನ್ನಿನ ನಿಖರ ಮಿತಿ ಅದರ ಸರ್ವೀಸ್ ಕೈಪಿಡಿಯಲ್ಲಿರುತ್ತದೆ. ಈ ಲೆಕ್ಕದಲ್ಲಿ 3 ಇಂಚು ಸಾಲದು, 3.5 ಇಂಚು ಅಂಚಿನಲ್ಲಿದೆ, 4 ಇಂಚು ಧಾರಾಳ. ಮೂರರಿಂದ ನಾಲ್ಕಕ್ಕೆ ಏರಿದಾಗ 12 ಕಿಲೋಪ್ಯಾಸ್ಕಲ್ ಉಳಿತಾಯವಾದರೆ, ನಾಲ್ಕರಿಂದ ಐದಕ್ಕೆ ಏರಿದಾಗ ಉಳಿಯುವುದು ಕೇವಲ ಮೂರು. ಆ ಮೂರಕ್ಕಾಗಿ ಹಣ, ತೂಕ ಮತ್ತು ಚಾಸಿಯ ಕೆಳಗಿನ ಜಾಗ ಮೂರನ್ನೂ ತೆರಬೇಕು.

ಅದೇ ಎಂಜಿನ್ 130 ಅಶ್ವಶಕ್ತಿಗೆ ಹೊಂದಿಸಲ್ಪಟ್ಟಿದ್ದರೆ ಹೊಗೆಯ ಪ್ರಮಾಣ ಸುಮಾರು ಮೂರನೇ ಒಂದರಷ್ಟು ತಗ್ಗಿ, 3 ಇಂಚಿನ ಕೊಳವೆಯಲ್ಲಿಯೂ ಒತ್ತಡ 7 ಕಿಲೋಪ್ಯಾಸ್ಕಲ್ ಆಸುಪಾಸಿಗೆ ಇಳಿಯುತ್ತದೆ. ಎಂದರೆ ಕೊಳವೆಯ ಅಳತೆ ನಿರ್ಧಾರವಾಗಬೇಕಾದುದು ಲಾರಿಯ ಹೆಸರಿನಿಂದಲ್ಲ, ಎಂಜಿನ್ ನೀಡುವ ಶಕ್ತಿಯಿಂದ. ಡೀಸೆಲ್ ಪಂಪಿನ ಹೊಂದಾಣಿಕೆ ಬದಲಿಸಿ ಶಕ್ತಿ ಏರಿಸಿದ ಅಮೆರಿಕದ ಪಿಕಪ್‌ಗಳಿಗೆ 4 ಅಥವಾ 5 ಇಂಚಿನ ಕೊಳವೆ ಜನಪ್ರಿಯವಾದುದರ ಹಿನ್ನೆಲೆಯೂ ಇದೇ. ಕಂಪನಿಯ ಹೊಂದಾಣಿಕೆಯಲ್ಲೇ ಓಡುವ ಸರಕು ಲಾರಿಗೆ ಅದೇ ಅಳತೆ ಹಾಕಿಸಿದ ಮಾತ್ರಕ್ಕೆ ಅದೇ ಲಾಭ ದೊರೆಯದು.

ಬದಲಿಸುವ ಮೊದಲು ಅಳೆಯಿರಿ

ಟರ್ಬೊ ದಾಟಿದ ನಂತರದ ನೇರ ಭಾಗದಲ್ಲಿ ಚಿಕ್ಕ ರಂಧ್ರ ಕೊರೆದು, ನಟ್ ಬೆಸೆದು, ಒತ್ತಡಮಾಪಕ ಜೋಡಿಸಬಹುದು. ಪೂರ್ಣ ಹೊರೆಯೊಡನೆ ಏರುದಾರಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗಿನ ಅಳತೆಯೇ ಪ್ರಮಾಣ. ನಿಂತಲ್ಲೇ ಎಂಜಿನ್ ಕೂಗಿಸಿ ನೋಡಿದರೆ ಟರ್ಬೊ ಪೂರ್ಣ ಕೆಲಸ ಮಾಡದಿರುವುದರಿಂದ ಸರಿಯಾದ ಅಂಕಿ ಸಿಗುವುದಿಲ್ಲ.

ಅಳತೆ ಮಿತಿಯೊಳಗಿದ್ದರೆ ಕೊಳವೆ ನಿರಪರಾಧಿ. ಮುಚ್ಚಿಕೊಂಡ ಗಾಳಿ ಫಿಲ್ಟರ್, ಇಂಟರ್‌ಕೂಲರ್ ರಬ್ಬರ್ ಹೋಸಿನ ಸೋರಿಕೆ ಅಥವಾ ಸವೆದ ಇಂಜೆಕ್ಟರ್‌ಗಳತ್ತ ಗಮನ ಹರಿಸಬೇಕು. ಮಿತಿ ಮೀರಿದ್ದರೂ ಕೂಡಲೇ ಹೊಸ ಪೈಪು ಬೇಕೆಂದಿಲ್ಲ. ಸೈಲೆನ್ಸರ್ ಒಳಗಿನ ತಗಡು ಕಳಚಿ ಅಡ್ಡ ನಿಂತಿರಬಹುದು, ಕೊಳವೆ ಜಜ್ಜಿರಬಹುದು, ಎಕ್ಸಾಸ್ಟ್ ಬ್ರೇಕಿನ ಕವಾಟ ಪೂರ್ತಿ ತೆರೆಯದಿರಬಹುದು.

ಬದಲಾವಣೆ ಅನಿವಾರ್ಯವಾದಲ್ಲಿ ಕೆಲವು ಸೂಕ್ಷ್ಮಗಳಿವೆ. ಮಾರುಕಟ್ಟೆಯ ಅಳತೆ ಹೊರವ್ಯಾಸದ್ದು. ಹೊಗೆ ಹರಿಯುವುದು ಒಳವ್ಯಾಸದಲ್ಲಿ. ಬಾಗಿನಲ್ಲಿ ಕೊಳವೆ ಚಪ್ಪಟೆಯಾದರೆ ಅಗಲ ಹೆಚ್ಚಿಸಿದ ಪ್ರಯೋಜನ ಅಲ್ಲಿಯೇ ನಷ್ಟವಾಗುತ್ತದೆ. ಆದ್ದರಿಂದ ಬಾಗುಗಳು ಕಡಿಮೆಯಿರಲಿ, ವಿಶಾಲವಾಗಿರಲಿ. ಟರ್ಬೊ ಬಾಯಿಯಿಂದ ದೊಡ್ಡ ಅಳತೆಗೆ ಕೊಳವೆ ಕ್ರಮೇಣ ಹಿಗ್ಗಬೇಕು. ಕೊಳವೆಯ ಭಾರವನ್ನು ಚಾಸಿ ಹೊರಬೇಕೇ ವಿನಾ ಟರ್ಬೊ ಅಲ್ಲ. ನಡುವೆ ಬಾಗಬಲ್ಲ ಜೋಡಣೆ ಅಗತ್ಯ. ಡೀಸೆಲ್ ಪೈಪು, ಏರ್ ಬ್ರೇಕ್ ಹೋಸು, ವೈರಿಂಗ್ ಹಾಗೂ ಟಯರುಗಳಿಂದ ಅಂತರವಿರಲಿ. ಘಾಟಿ ಇಳಿಯುವಾಗ ಎಕ್ಸಾಸ್ಟ್ ಬ್ರೇಕ್ ಜೀವರಕ್ಷಕವಾದುದರಿಂದ ಅದನ್ನು ಯಾವ ಕಾರಣಕ್ಕೂ ಕಳಚಬಾರದು.

ಬಿಎಸ್-6 ವಾಹನಗಳಿಗೆ ಸಲ್ಲದು

ಮೇಲಿನ ವಿಚಾರವೆಲ್ಲ ಹಳೆಯ ವಾಹನಗಳಿಗೆ ಮಾತ್ರ ಅನ್ವಯ. 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ಲಾರಿಗಳಲ್ಲಿ ಮಸಿಕಣ ತಡೆಯುವ ಫಿಲ್ಟರ್, ಯೂರಿಯಾ ದ್ರಾವಣದಿಂದ ನೈಟ್ರೋಜನ್ ಆಕ್ಸೈಡ್ ತಗ್ಗಿಸುವ ಸಾಧನ ಮತ್ತು ಒತ್ತಡ, ತಾಪಮಾನಗಳ ಸಂವೇದಕಗಳು ಕೊಳವೆಯ ಅಂಗಗಳೇ ಆಗಿವೆ. ಅವುಗಳನ್ನು ತೆಗೆದರೆ ಎಂಜಿನ್ನಿನ ಕಂಪ್ಯೂಟರ್ ಶಕ್ತಿಯನ್ನು ತಾನಾಗಿಯೇ ಕುಗ್ಗಿಸಬಹುದು, ವಾರಂಟಿಗೂ ಧಕ್ಕೆ. ಇಲ್ಲಿ ಒತ್ತಡ ಹೆಚ್ಚಿದರೆ ಫಿಲ್ಟರ್ ಶುಚಿಗೊಳಿಸುವುದೇ ಪರಿಹಾರ.

ಹಳೆಯ ವಾಹನಗಳಿಗೂ ಸೈಲೆನ್ಸರ್ ಕಡ್ಡಾಯ. ಶಬ್ದ ಅಥವಾ ಹೊಗೆಯ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ, 2019ರ ತಿದ್ದುಪಡಿಯ ನಂತರ, ಮೊದಲ ತಪ್ಪಿಗೇ ಮೂರು ತಿಂಗಳವರೆಗೆ ಸೆರೆವಾಸ, 10,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಚಾಲನಾ ಪರವಾನಗಿಯೂ ಮೂರು ತಿಂಗಳ ಮಟ್ಟಿಗೆ ಅನರ್ಹಗೊಳ್ಳುತ್ತದೆ. ಲಾರಿ ಓಡಿಸಿಯೇ ಬದುಕುವವರಿಗೆ ಪೈಪಿನ ಖರ್ಚಿಗಿಂತ ಇದು ಭಾರವಾದೀತು.

ತಯಾರಕರ ಮಿತಿಯೊಳಗೆ ಒತ್ತಡವನ್ನು ಇರಿಸಬಲ್ಲ ಅತಿ ಚಿಕ್ಕ ಅಳತೆ ಯಾವುದೋ ಅದೇ ಸರಿಯಾದ ಅಳತೆ. ಅದಕ್ಕಿಂತ ಚಿಕ್ಕದಾದರೆ ಎಂಜಿನ್ನಿಗೆ ನಷ್ಟ, ತೀರಾ ದೊಡ್ಡದಾದರೆ ಮಾಲೀಕರ ಕಿಸೆಗೆ ನಷ್ಟ.