ಎಂಜಿನ್ನಿನ ಬಣ್ಣವೂ ಒಂದು ದಾಖಲೆ

ಇತಿಹಾಸದ ಆಕರಗಳೆಂದರೆ ಶಾಸನ, ನಾಣ್ಯ, ಕಡತಗಳು ಎಂದು ತರಗತಿಯಲ್ಲಿ ನಿಮಗೆಲ್ಲ ಹೇಳಿಕೊಟ್ಟವನು ನಾನು. ಹಳೆಯ ಮೋಟಾರು ಗಾಡಿಯ ಎಂಜಿನ್ನಿಗೆ ಬಳಿದ ಬಣ್ಣವನ್ನೂ ಆ ಪಟ್ಟಿಗೆ ಸೇರಿಸಬಹುದೆಂದು ಈಚೆಗೆ ಅನಿಸಿದೆ. ಅಮೆರಿಕದ ಮಿಷಿಗನ್ನಿನಲ್ಲಿರುವ ನನ್ನ ತಮ್ಮನ ಮಗ 1969ರ ಶೆವ್ರೊಲೆ ಕ್ಯಾಮರೊ ಕಾರೊಂದನ್ನು ಕೊಂಡು, ಅದನ್ನು ಕಾರ್ಖಾನೆಯಿಂದ ಹೊರಬಂದ ದಿನದ ರೂಪಕ್ಕೆ ತರಲು ಹೊರಟಿದ್ದಾನೆ. "ದೊಡ್ಡಪ್ಪ, ಮೂರು ಡಬ್ಬಿ ತಂದೆ. ಮೂರರ ಮೇಲೂ ಶೆವ್ರೊಲೆ ಕಿತ್ತಳೆ ಅಂತಲೇ ಇದೆ, ಆದರೆ ಮೂರೂ ಬೇರೆ ಬೇರೆ ಬಣ್ಣ. ಯಾವುದು ನಿಜ?" ಎಂದು ಕೇಳಿದ. ಪ್ರಶ್ನೆ ಚರಿತ್ರೆಯದೇ ಆದುದರಿಂದ ನಾನೂ ಓದತೊಡಗಿದೆ.

ಜನರಲ್ ಮೋಟಾರ್ಸ್ ಒಂದೇ ಸಂಸ್ಥೆಯಾದರೂ ಅದರ ವಿಭಾಗಗಳು ಬಹುಕಾಲ ತಮ್ಮ ತಮ್ಮ ಎಂಜಿನ್ನುಗಳನ್ನು ತಾವೇ ರೂಪಿಸುತ್ತಿದ್ದವು. 1955ರಲ್ಲಿ ಬಂದ ಶೆವ್ರೊಲೆಯ ಹೊಸ ವಿ-8 ಎಂಜಿನ್ನಿನೊಡನೆ ಕಿತ್ತಳೆ ಬಣ್ಣ ಪ್ರಸಿದ್ಧವಾಯಿತು. 1960ರ ದಶಕದ ಕೊನೆಯ ವೇಳೆಗೆ ಪಾಂಟಿಯಾಕ್‌ಗೆ ತಿಳಿನೀಲಿ, ಬ್ಯೂಕ್‌ಗೆ ಕೆಂಪು, ಓಲ್ಡ್ಸ್‌ಮೊಬೈಲಿನ 350 ಎಂಜಿನ್ನಿಗೆ ಬಂಗಾರದ ಬಣ್ಣ. ಬಾನೆಟ್ ಎತ್ತಿದೊಡನೆ ಎಂಜಿನ್ನಿನ ಮನೆತನ ತಿಳಿಯುತ್ತಿತ್ತು.

ಈ ಮನೆತನಕ್ಕೆ ಜನರು ಎಷ್ಟು ಬೆಲೆ ಕೊಟ್ಟಿದ್ದರೆಂಬುದು 1977ರಲ್ಲಿ ಬಯಲಾಯಿತು. ಓಲ್ಡ್ಸ್‌ಮೊಬೈಲ್ ಕಾರುಗಳಿಗೆ ಬೇಡಿಕೆ ಏರಿದಾಗ ಸಂಸ್ಥೆಯು ಅನೇಕ ಡೆಲ್ಟಾ 88 ಗಾಡಿಗಳಿಗೆ ಶೆವ್ರೊಲೆಯ ಎಂಜಿನ್ ಜೋಡಿಸಿ ಮಾರಿತ್ತು. ಶಿಕಾಗೋದ ಒಬ್ಬ ಮಾಲೀಕನ ಗಾಡಿಗೆ ಓಲ್ಡ್ಸ್‌ಮೊಬೈಲಿನ ಬಿಡಿಭಾಗ ಹೊಂದದಿದ್ದಾಗ ಗುಟ್ಟು ಹೊರಬಿತ್ತು. ಇಲಿನಾಯ್ ರಾಜ್ಯವು ಮೊಕದ್ದಮೆ ಹೂಡಿತು. ಇತರ ರಾಜ್ಯಗಳೂ ಸೇರಿಕೊಂಡವು. ಕೊನೆಗೆ ಕೊಂಡವರಿಗೆ 200 ಡಾಲರ್ ಮತ್ತು ಹೆಚ್ಚಿನ ಅವಧಿಯ ಖಾತರಿ ಕೊಡುವ ರಾಜಿ ಏರ್ಪಟ್ಟಿತು. ಅದೇ ಕಾಲಕ್ಕೆ ವಿಭಾಗಗಳ ಬಣ್ಣಭೇದವೂ ಅಳಿದು, ಎಲ್ಲಕ್ಕೂ ಒಂದೇ ನೀಲಿ ಬಂದಿತು. ಓಲ್ಡ್ಸ್‌ಮೊಬೈಲ್ ಎಂಬ ಹೆಸರೂ 2004ರಲ್ಲಿ ಕೊನೆಗೊಂಡಿತು.

ಇನ್ನು ನಿಜವಾದ ಕಿತ್ತಳೆಯನ್ನು ಕಂಡುಹಿಡಿಯುವ ಬಗೆ. ಎಂಜಿನ್ನಿನ ಹೊರಮೈಯನ್ನು ನಂಬುವಂತಿಲ್ಲ. ಐವತ್ತು ವರ್ಷಗಳ ಕಾವು, ಎಣ್ಣೆ, ಧೂಳು ಬಣ್ಣವನ್ನು ಕಂದಿಸಿರುತ್ತವೆ. ಎಂಜಿನ್ನನ್ನು ಚೌಕಟ್ಟಿಗೆ ಬಿಗಿಯುವ ಮೌಂಟಿಂಗ್‌ನ ಅಡಿಯಲ್ಲಿ, ಬಣ್ಣ ಬಳಿದ ಮೇಲೆ ಜೋಡಿಸಿದ ಹಿಡಿಕೆಗಳ ಹಿಂದೆ, ಗಾಳಿ ಬೆಳಕು ತಾಗದ ಕಡೆ ಹಳೆಯ ಬಣ್ಣ ಉಳಿದಿರುತ್ತದೆ. ಅದನ್ನು ಕರಗಿಸದಂತೆ ಮೆಲ್ಲಗೆ ಜಿಡ್ಡು ತೆಗೆಯಬೇಕು. ಹೊಸ ಬಣ್ಣವನ್ನು ತಗಡಿನ ತುಂಡಿಗೆ ಬಳಿದು, ಪೂರ್ತಿ ಒಣಗಿದ ಮೇಲೆ ಹಗಲ ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟು ನೋಡಬೇಕು. ಕಾರ್ಖಾನೆಯಲ್ಲಿ ಎಂಜಿನ್ನನ್ನು ಜೋಡಿಸಿಯಾದ ಮೇಲೆ ಒಟ್ಟಾಗಿ ಸಿಂಪಡಿಸುತ್ತಿದ್ದರು. ಆದ್ದರಿಂದ ಗ್ಯಾಸ್ಕೆಟ್ಟಿನ ಅಂಚಿಗೂ, ಹೊಗೆ ಹೊರಹೋಗುವ ಮ್ಯಾನಿಫೋಲ್ಡಿನ ಬದಿಗೂ ಬಣ್ಣ ಹಾರಿರುತ್ತಿತ್ತು. ಮ್ಯಾನಿಫೋಲ್ಡಿನ ಮೇಲಿನದು ಕೆಲವು ದಿನಗಳ ಓಡಾಟಕ್ಕೇ ಸುಟ್ಟುಹೋಗುತ್ತಿತ್ತು. ಗೆರೆ ಕೊರೆದಂತೆ ನುಣುಪಾಗಿ ಬಳಿದರೆ ಅದು ಚೆಂದವಾದೀತು, ಚರಿತ್ರೆಯಾಗದು. 1974ರಲ್ಲಿ ಸ್ಥಾಪಿತವಾದ ಅಮೆರಿಕದ ಕಾರ್ವೆಟ್ ಪುನರುದ್ಧಾರಕರ ಸಂಘವು ಗಾಡಿಗಳನ್ನು ತೂಗುವುದು ಕಾರ್ಖಾನೆಯಿಂದ ಹೊರಬಂದಾಗ ಇದ್ದ ಸ್ಥಿತಿಯ ತಕ್ಕಡಿಯಲ್ಲಿಯೇ.

ಆದರೂ ಬಣ್ಣವೊಂದೇ ಸಾಕ್ಷಿಯಲ್ಲ. ಯಾವ ಎಂಜಿನ್ನಿಗೂ ಯಾರು ಬೇಕಾದರೂ ಕಿತ್ತಳೆ ಬಳಿಯಬಹುದು. ಶೆವ್ರೊಲೆ ವಿ-8ರ ಬ್ಲಾಕಿನ ಮುಂಭಾಗದಲ್ಲಿ, ಬಲಗಡೆ, ತಯಾರಾದ ಸ್ಥಳ ಮತ್ತು ದಿನಾಂಕದ ಗುರುತುಗಳನ್ನು ಒತ್ತಿರುತ್ತಾರೆ. 1969ರ ಗಾಡಿಯಾದರೆ ಬ್ಲಾಕಿನ ಮೇಲೆ ಗಾಡಿಯ ಕ್ರಮಸಂಖ್ಯೆಯ ಭಾಗವೂ ಇರುತ್ತದೆ. ಬಣ್ಣ ಮತ್ತು ಅಂಕಿ ಒಂದೇ ಮಾತನ್ನು ಹೇಳಿದರೆ ಮಾತ್ರ ನಂಬಬೇಕು. ತಾಮ್ರಪಟವನ್ನು ಓದುವವರು ಲಿಪಿಯನ್ನೂ ತಿಥಿಯನ್ನೂ ತಾಳೆ ನೋಡುವುದು ಇದೇ ಕಾರಣಕ್ಕೆ. ಕೂಟಶಾಸನಗಳು ಸಿಕ್ಕಿಬೀಳುವುದೂ ಹಾಗೆಯೇ.

ನನ್ನ ಸಲಹೆ ಇಷ್ಟೇ: ಹೊಸ ಬಣ್ಣ ಬಳಿಯುವ ಮುನ್ನ ಛಾಯಾಚಿತ್ರ ತೆಗೆದಿಡಿ. ಕಣ್ಣಿಗೆ ಬೀಳದ ಮೂಲೆಯಲ್ಲಿ ಅಂಗೈಯಗಲ ಹಳೆಯ ಬಣ್ಣವನ್ನು ಕೆರೆಯದೆ ಬಿಡಿ. ನಾವು ಆರಿಸಿದ ಕಿತ್ತಳೆ ಸರಿಯೋ ಅಲ್ಲವೋ ಎಂದು ನಾಳೆ ಪರೀಕ್ಷಿಸುವವರಿಗೆ ಮೂಲಪ್ರತಿ ಬೇಕಲ್ಲವೇ?