ಬಲವಂತದ ತುತ್ತು: ಹಾನ್ ಕಾಂಗ್ ಕಾದಂಬರಿಯಲ್ಲಿ ಹೆಣ್ಣು ಮತ್ತು ಆಹಾರ

ಮಾಂಸಾಹಾರಕ್ಕೂ ಪುರುಷಾಧಿಪತ್ಯಕ್ಕೂ ಇರುವ ನಂಟನ್ನು ಬಿಡಿಸಿ ತೋರಿಸಿದ ಕೃತಿ ಕ್ಯಾರಲ್ ಜೆ. ಆಡಮ್ಸ್ ಅವರ ‘ದಿ ಸೆಕ್ಶುಯಲ್ ಪಾಲಿಟಿಕ್ಸ್ ಆಫ್ ಮೀಟ್’ (1990). ಕೊಂದ ಪ್ರಾಣಿ ‘ಮಾಂಸ’ ಎಂಬ ಹೆಸರಿನ ಹಿಂದೆ ಮರೆಯಾಗುತ್ತದೆ. ಹೆಣ್ಣನ್ನೂ ಹೀಗೆಯೇ ಭೋಗವಸ್ತುವಾಗಿಸಿ ಮರೆಮಾಡಲಾಗುತ್ತದೆ ಎಂಬುದು ಅವರ ವಾದ. ಹಾನ್ ಕಾಂಗ್ ಅವರ ‘ದಿ ವೆಜಿಟೇರಿಯನ್’ (ಕೊರಿಯನ್ ಮೂಲ 2007) ಕಾದಂಬರಿಯನ್ನು ಪರಿಸರ ಸ್ತ್ರೀವಾದಿಗಳು ಈ ಬೆಳಕಿನಲ್ಲೇ ಓದುತ್ತಾರೆ. ಆ ಓದು ಸರಿಯೇ, ಆದರೆ ಸಾಲದು.

ಕನಸೊಂದನ್ನು ಕಂಡ ಕಾದಂಬರಿಯ ನಾಯಕಿ ಯೊಂಗ್‌ಹೆ ಫ್ರೀಜರಿನಲ್ಲಿದ್ದ ಮಾಂಸವನ್ನೆಲ್ಲ ಎಸೆಯುತ್ತಾಳೆ. ಮೊದಲ ಭಾಗದ ಕಥೆ ಹೇಳುವವನು ಗಂಡ. ಅವಳದೇ ದನಿ ಕೇಳುವುದು ಕನಸು, ನೆನಪುಗಳ ತುಣುಕುಗಳಲ್ಲಿ ಮಾತ್ರ. ಅಕ್ಕ ಇನ್‌ಹೆಯ ಹೊಸ ಮನೆಯ ಔತಣದ ದೃಶ್ಯವನ್ನು ನಿಧಾನವಾಗಿ ನೋಡಬೇಕು. ಅಡುಗೆ ಅಕ್ಕನದು. ತಿನ್ನೆಂದು ಗೋಗರೆಯುವವಳು ತಾಯಿ. ಕೆನ್ನೆಗೆ ಹೊಡೆದು ಹಂದಿಮಾಂಸವನ್ನು ಬಾಯಿಗೆ ತುರುಕುವವನು ವಿಯೆಟ್ನಾಂನಲ್ಲಿ ಕಾದಾಡಿ ಬಂದ ತಂದೆ. ಅವಳು ಹಣ್ಣು ಹೆಚ್ಚುವ ಚಾಕುವಿನಿಂದ ಮಣಿಕಟ್ಟು ಕೊಯ್ದುಕೊಳ್ಳುತ್ತಾಳೆ. ಆಸ್ಪತ್ರೆಗೆ ತಾಯಿ ತರುವುದು ಔಷಧಿಯ ಹೆಸರಿನಲ್ಲಿ ಕರಿ ಆಡಿನ ಕಷಾಯ. ಬಲವಂತ ಗಂಡಸಿನ ಕೈಯಿಂದ ಮಾತ್ರ ಬರುವುದಿಲ್ಲ. ಮಮತೆಯ ವೇಷದಲ್ಲೂ ಬರುತ್ತದೆ. ಯೊಂಗ್‌ಹೆಯೂ ತಾನು ನಿರಪರಾಧಿ ಎಂದುಕೊಂಡಿಲ್ಲ. ಬಾಲ್ಯದಲ್ಲಿ ತನ್ನನ್ನು ಕಚ್ಚಿದ ನಾಯಿಯನ್ನು ಅಪ್ಪ ಮೋಟಾರ್‌ಸೈಕಲ್ಲಿಗೆ ಕಟ್ಟಿ ಸಾಯುವವರೆಗೆ ಓಡಿಸಿದ್ದನ್ನೂ ಅದರ ಮಾಂಸವನ್ನು ತಾನೂ ಉಂಡದ್ದನ್ನೂ ಅವಳು ಮರೆತಿಲ್ಲ.

ಮಾರ್ಗರೆಟ್ ಅಟ್‌ವುಡ್‌ರ ‘ದಿ ಎಡಿಬಲ್ ವುಮನ್’ (1969) ಕಾದಂಬರಿಯ ಮೇರಿಯನ್ ಕೊನೆಗೆ ಮತ್ತೆ ಊಟಕ್ಕೆ ಮರಳುತ್ತಾಳೆ. ಯೊಂಗ್‌ಹೆಗೆ ಮರಳಲು ಜಾಗವಿಲ್ಲ. ಮೂರನೆಯ ಭಾಗದಲ್ಲಿ ಅವಳು ಅನ್ನವನ್ನೂ ಬಿಟ್ಟು, ಮರವಾಗುತ್ತೇನೆಂದು ತಲೆಕೆಳಗಾಗಿ ನಿಲ್ಲುತ್ತಾಳೆ. ವೈದ್ಯರು ಮೂಗಿನೊಳಗೆ ನಳಿಕೆ ಇಳಿಸುತ್ತಾರೆ. ಹೆಣ್ಣು ಪ್ರಕೃತಿಗೆ ಹತ್ತಿರದವಳು ಎಂಬ ಸಂಭ್ರಮದ ಮಾತು ಇಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಮರವಾಗುವುದೆಂದರೆ ಅವಳ ಪಾಲಿಗೆ ಸಾಯುವುದೇ.

ಕನ್ನಡದ ಓದುಗರಿಗೆ ಇನ್ನೂ ಒಂದು ತೊಡಕಿದೆ. ನಮ್ಮಲ್ಲಿ ಸಸ್ಯಾಹಾರ ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು, ಜಾತಿಯ ಮೇಲುಕೀಳನ್ನು ಅಳೆಯುವಂಥದ್ದು. ಅದನ್ನು ಪಾಲಿಸುವವಳು ವಿಧೇಯಳು, ಯೊಂಗ್‌ಹೆಯಂತೆ ಬಂಡಾಯಗಾರ್ತಿಯಲ್ಲ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಕಾದಂಬರಿಯ ಬಾಲವಿಧವೆ ಬದುಕಿದ್ದು ಇಂಥ ಮಡಿಯ ಮನೆಯಲ್ಲಿ. ಅಂಥ ಮನೆಗಳಲ್ಲಿ ವಿಧವೆಗೆ ಒಪ್ಪತ್ತಿನ ಊಟ, ಈರುಳ್ಳಿ ಬೆಳ್ಳುಳ್ಳಿಯೂ ವರ್ಜ್ಯ. ಆ ಎಲೆಯ ಮೇಲೆ ಮಾಂಸದ ಸುಳಿವಿರಲಿಲ್ಲ. ಆದರೂ ಏನು, ಎಷ್ಟು, ಯಾವಾಗ ಉಣ್ಣಬೇಕೆಂಬುದು ಅವಳ ಕೈಯಲ್ಲಿರಲಿಲ್ಲ. ಆಡಮ್ಸ್ ಅವರ ಚೌಕಟ್ಟಿನಲ್ಲಿ ಈ ಎಲೆಗೆ ಜಾಗವಿಲ್ಲ. ತಿನ್ನುವ ವಸ್ತುವಿಗಿಂತ ಮೊದಲು ತಿನ್ನುವ ತೀರ್ಮಾನ ಯಾರದೆಂದು ಕೇಳಿದರೆ ಯೊಂಗ್‌ಹೆಯನ್ನೂ ಫಣಿಯಮ್ಮನನ್ನೂ ಒಟ್ಟಿಗೆ ಓದಬಹುದು.