ತಂಬಾಕಿನ ಸರಪಳಿ: ಬಿಜಾಪುರದಿಂದ ಮೂಡಲಪಾಳ್ಯದವರೆಗೆ

ಕ್ಯಾನ್ಸರ್, ಹೃದ್ರೋಗದಂತಹ ದೀರ್ಘಕಾಲದ ಕಾಯಿಲೆಗಳು ಒಂದೇ ದಿನದಲ್ಲಿ ಬರುವುದಿಲ್ಲ, ಒಂದೇ ಕಾರಣದಿಂದಲೂ ಬರುವುದಿಲ್ಲ. ಕಾರಣಗಳನ್ನು ಬಿಡಿಬಿಡಿಯಾಗಿ ನೋಡದೆ, ಒಂದಕ್ಕೊಂದು ಹೆಣೆದ ಸರಪಳಿಯಾಗಿ ನೋಡುವುದನ್ನು ತಜ್ಞರು ವ್ಯವಸ್ಥಾ ಚಿಂತನೆ ಎನ್ನುತ್ತಾರೆ. ತಂಬಾಕಿನ ಇತಿಹಾಸ ಇದಕ್ಕೆ ಒಳ್ಳೆಯ ಪಾಠ. ಆ ಇತಿಹಾಸದಲ್ಲಿ ನಮ್ಮ ಬಿಜಾಪುರದ ಹೆಸರೂ ಇದೆ.

1604ರ ಸುಮಾರಿಗೆ ಅಕ್ಬರನ ರಾಯಭಾರಿ ಅಸದ್ ಬೇಗ್ ಆದಿಲ್‌ಶಾಹಿ ರಾಜಧಾನಿ ಬಿಜಾಪುರದಲ್ಲಿ ಮೊದಲ ಬಾರಿಗೆ ತಂಬಾಕನ್ನು ಕಂಡನು. ಅದನ್ನು ರತ್ನಖಚಿತ ಕೊಳವೆಯೊಂದಿಗೆ ಒಯ್ದು ಬಾದಶಹನ ಮುಂದಿಟ್ಟನು. ಗ್ರಂಥಗಳಲ್ಲಿ ಉಲ್ಲೇಖವಿಲ್ಲದ ವಸ್ತುವನ್ನು ಸೇವಿಸಬಾರದೆಂದು ಹಕೀಮರು ಆಕ್ಷೇಪಿಸಿದರು. ಅಕ್ಬರನು ಅದನ್ನು ರೂಢಿಸಿಕೊಳ್ಳಲಿಲ್ಲ, ಅಮೀರರು ರೂಢಿಸಿಕೊಂಡರು, ವ್ಯಾಪಾರಿಗಳು ತಂದು ಮಾರತೊಡಗಿದರು. 1617ರಲ್ಲಿ ಜಹಾಂಗೀರನು ಧೂಮಪಾನವನ್ನು ನಿಷೇಧಿಸಿದನು. ಆದರೆ ಬಳಕೆ ನಿಲ್ಲಲಿಲ್ಲ.

ಕಾಲಕ್ರಮೇಣ ಈ ಗಿಡ ಹಲವರ ಅನ್ನವೂ ಆಯಿತು. ಹುಣಸೂರು, ಪಿರಿಯಾಪಟ್ಟಣಗಳ ರೈತರು ಇದನ್ನು ಬೆಳೆದರು. ದಕ್ಷಿಣ ಕನ್ನಡದಲ್ಲಿ ಸಾವಿರಾರು ಬಡ ಹೆಣ್ಣುಮಕ್ಕಳು ಮನೆಯಲ್ಲೇ ಬೀಡಿ ಕಟ್ಟಿ ಸಂಸಾರ ಸಾಗಿಸಿದರು. ರೋಗದ ಸರಪಳಿಯಲ್ಲಿ ಈ ಕೂಲಿಯೂ ಒಂದು ಕೊಂಡಿ.

1973ರಲ್ಲಿ ಬೆಂಗಳೂರಿನಲ್ಲಿ, ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನಲ್ಲಿ ಕ್ಯಾನ್ಸರ್ ಆಸ್ಪತ್ರೆ ಸ್ಥಾಪನೆಯಾಯಿತು. 1982ರಿಂದ ನಗರದ ಕ್ಯಾನ್ಸರ್ ರೋಗಿಗಳ ನೋಂದಣಿಯೂ ಆರಂಭವಾಯಿತು. ಯಾವ ಅಂಗದ ಕ್ಯಾನ್ಸರ್ ಎಷ್ಟು ಜನರಿಗೆ ಬರುತ್ತಿದೆ ಎಂಬ ಲೆಕ್ಕವಿಲ್ಲದೆ ತಡೆಗಟ್ಟುವ ಯೋಜನೆ ಸಾಧ್ಯವಿಲ್ಲ.

ನಂತರ ಕಾನೂನುಗಳು ಬಂದವು. 2003ರ ಕಾಯಿದೆ ಶಾಲೆಯ ಸುತ್ತ 100 ಗಜದೊಳಗೆ ತಂಬಾಕು ಮಾರಾಟವನ್ನು ತಡೆಯಿತು. 2008ರಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧದ ನಿಯಮಗಳು ಬಿಗಿಯಾದವು, 2009ರಲ್ಲಿ ಪೊಟ್ಟಣದ ಮೇಲೆ ಎಚ್ಚರಿಕೆಯ ಚಿತ್ರಗಳು ಬಂದವು. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಆಗ ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಬಂತು. ಗಿರಾಕಿ ಎರಡನ್ನೂ ಕೊಂಡು ಬೆರೆಸಿಕೊಂಡ! ಜಹಾಂಗೀರನ ಕಾಲದ ಪಾಠವೇ ಮರುಕಳಿಸಿತು: ಒಂದು ಕೊಂಡಿ ಕತ್ತರಿಸಿದರೆ ಸರಪಳಿ ಬೇರೆ ಕಡೆ ಬೆಸೆದುಕೊಳ್ಳುತ್ತದೆ.

ಹಾಗೆಂದು ನಿರಾಶರಾಗಬೇಕಿಲ್ಲ. ರಾಜ್ಯದ ವಯಸ್ಕರಲ್ಲಿ ತಂಬಾಕು ಬಳಸುವವರು 2009-10ರಲ್ಲಿ ಶೇ. 28.2 ಇದ್ದರು, 2016-17ರ ಸಮೀಕ್ಷೆಯಲ್ಲಿ ಶೇ. 22.8ಕ್ಕೆ ಇಳಿದಿದ್ದರು. ಕಾನೂನು, ತೆರಿಗೆ, ಎಚ್ಚರಿಕೆ, ಜನಜಾಗೃತಿ ಎಲ್ಲವೂ ಜೊತೆಯಾಗಿ ನಡೆದ ವರ್ಷಗಳವು.

ಮೂಡಲಪಾಳ್ಯದಂತಹ ಬಡಾವಣೆಯಲ್ಲಿ ಶಾಲೆ, ಅಂಗಡಿ, ಮನೆ ಎಲ್ಲವೂ ಅಕ್ಕಪಕ್ಕದಲ್ಲೇ ಇವೆ. ಶಾಲೆಯಲ್ಲಿ ಮಗು ಕಲಿತ ಪಾಠವನ್ನು ಮನೆಯ ಹಿರಿಯರ ಬೀಡಿಯೇ ಅಳಿಸಬಾರದು. ಅಂಗಡಿಯವನಿಗೆ ಬೇರೆ ಸರಕು, ಬೀಡಿ ಕಟ್ಟುವ ತಾಯಿಗೆ ಬೇರೆ ದುಡಿಮೆ, ಚಟ ಬಿಡಬಯಸುವವನಿಗೆ ನೆರವು, ಇವೆಲ್ಲ ಒಟ್ಟಿಗೆ ಸಿಗಬೇಕು. ನಾನೂರು ವರ್ಷಗಳ ಸರಪಳಿಯನ್ನು ಆಜ್ಞೆಯೊಂದೇ ಕಡಿಯಲಾರದು. ಎಲ್ಲರ ಕೈ ಸೇರಿದರೆ ಕಡಿಯಬಹುದು.